ಸೋತವನ ಮಾತು: ಪ್ಲೇಟೊನ ಸಂವಾದಗಳಲ್ಲಿ ಜಿಜ್ಞಾಸೆ ಮತ್ತು ಗೆಲ್ಲುವ ವಾದ

ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಮಾತಿನ ಧಾಟಿಯನ್ನು ಪೂರ್ತಿ ತೆಗೆದಿಲ್ಲ.

ನಾನು ಕನ್ನಡ ಸಾಹಿತ್ಯದ ವಿದ್ಯಾರ್ಥಿ. ಪ್ಲೇಟೊನನ್ನು ಇಂಗ್ಲಿಷ್ ಅನುವಾದಗಳಲ್ಲಿ, ನಾಟಕ ಓದುವ ಹಾಗೆ ಓದಿದ್ದೇನೆ. ಯಾರು ಯಾವಾಗ ಬಾಯಿ ತೆರೀತಾರೆ, ಯಾರು ಸುಮ್ಮನಾಗ್ತಾರೆ, ಯಾರು ಬೆವರ್ತಾರೆ ಅಂತ ನೋಡೋದು ನಮ್ಮ ವಿಭಾಗದ ಅಭ್ಯಾಸ. ಆ ಅಭ್ಯಾಸ ಇಟ್ಟುಕೊಂಡೇ ಒಂದು ತತ್ವಶಾಸ್ತ್ರದ ಪ್ರಶ್ನೆಯ ಹತ್ತಿರ ಹೋಗುತ್ತಿದ್ದೇನೆ. ಸತ್ಯ ಹುಡುಕುವ ಮಾತಿಗೂ ಗೆಲ್ಲೋದಕ್ಕಾಗಿ ಆಡುವ ಮಾತಿಗೂ ಇರುವ ವ್ಯತ್ಯಾಸ ಎಲ್ಲಿ ಕಾಣುತ್ತದೆ? ಮೊದಲನೆಯದನ್ನು ಪ್ಲೇಟೊ ಡಯಲೆಕ್ಟಿಕ್ ಅಂತಲೂ ಎರಡನೆಯದನ್ನು ಎರಿಸ್ಟಿಕ್ ಅಂತಲೂ ಕರೆದ. ಎರಿಸ್ ಅಂದರೆ ಗ್ರೀಕಿನಲ್ಲಿ ಕಲಹ. ಆ ಹೆಸರಿನ ದೇವತೆಯೇ ಉಂಟು.

ಹೆಸರು ಎರಡಾದರೂ ನೋಟಕ್ಕೆ ಎರಡೂ ಒಂದೇ. ಚಿಕ್ಕ ಚಿಕ್ಕ ಪ್ರಶ್ನೆ ಕೇಳೋದು, ಒಂದೊಂದಕ್ಕೂ ಒಪ್ಪಿಗೆ ಪಡೆಯೋದು, ಕೊನೆಗೆ ಆ ಒಪ್ಪಿಗೆಗಳನ್ನೇ ಕಟ್ಟಿ ಎದುರಿನವನ ಮೊದಲ ಮಾತನ್ನು ಮುರಿಯೋದು. ಸಾಕ್ರಟೀಸ್ ಮಾಡೋದೂ ಇದನ್ನೇ, ಸಾಕ್ರಟೀಸ್ ಹೀಗಳೆಯುವ ಸೋಫಿಸ್ಟರು ಮಾಡೋದೂ ಇದನ್ನೇ. ಅಥೆನ್ಸಿನ ಜನರಿಗೆ ಭೇದ ಕಾಣಲಿಲ್ಲ ಅಂದರೆ ಅದು ಅವರ ದಡ್ಡತನ ಅಲ್ಲ. ಕ್ರಿ.ಪೂ. 423ರಲ್ಲಿ ಅರಿಸ್ಟೊಫೆನೀಸ್ ಬರೆದ ‘ಮೋಡಗಳು’ ನಾಟಕದಲ್ಲಿ ಸಾಲಗಾರರಿಂದ ತಪ್ಪಿಸಿಕೊಳ್ಳಬೇಕಾದ ಮುದುಕನೊಬ್ಬ, ದುರ್ಬಲ ವಾದವನ್ನು ಗೆಲ್ಲಿಸುವ ವಿದ್ಯೆ ಕಲಿಯೋದಕ್ಕೆ ಹೋಗೋದು ಸಾಕ್ರಟೀಸನ ಶಾಲೆಗೇ. 399ರ ವಿಚಾರಣೆಯನ್ನು ಚಿತ್ರಿಸುವ ‘ಅಪಾಲಜಿ’ಯಲ್ಲಿ ಸಾಕ್ರಟೀಸ್ ಆ ನಾಟಕವನ್ನು ನೆನೆಯುತ್ತಾನೆ, ತನ್ನನ್ನು ನೋಡಿ ಪುರುಸೊತ್ತಿರುವ ಶ್ರೀಮಂತ ಹುಡುಗರು ಊರವರನ್ನೆಲ್ಲ ಹಾಗೆಯೇ ಪ್ರಶ್ನಿಸುತ್ತಿದ್ದಾರೆ, ಬೈಗುಳ ಮಾತ್ರ ತನಗೆ ಬರುತ್ತಿದೆ ಅಂತಲೂ ಹೇಳುತ್ತಾನೆ. ಇನ್ನೊಂದು ಕಡೆ, ಭಾಷಣಕಲೆಯ ಗುರು ಐಸಾಕ್ರಟೀಸ್ ಸಾಕ್ರಟೀಸನ ಬಳಗದವರನ್ನೂ ಸೇರಿಸಿಯೇ ಕಲಹದ ವಾದದವರು ಅಂತ ಜರೆದ. ಒಟ್ಟಿನಲ್ಲಿ ಎರಿಸ್ಟಿಕ್ ಅನ್ನೋದು ಆಗಿನ ಅಥೆನ್ಸಿನಲ್ಲಿ ಒಬ್ಬರ ಮೇಲೊಬ್ಬರು ಎರಚುತ್ತಿದ್ದ ಕೆಸರು.

ನಮಗೆ ಇದಕ್ಕೊಂದು ಪದ ಸಿದ್ಧವಾಗಿಯೇ ಇದೆ: ವಿತಂಡವಾದ. ಆದರೆ ಆ ಪದವನ್ನು ಇಲ್ಲಿ ಸುಮ್ಮನೆ ಅಂಟಿಸಿದರೆ ತೊಂದರೆ. ಗೌತಮನ ನ್ಯಾಯಸೂತ್ರದಲ್ಲಿ ಮಾತಿನ ಬಗೆಗಳು ಮೂರು. ತತ್ವ ತಿಳಿಯೋದಕ್ಕಾಗಿ ಪ್ರಮಾಣ, ತರ್ಕ ಹಿಡಿದು ನಡೆಯೋದು ವಾದ. ಛಲ, ಜಾತಿ, ನಿಗ್ರಹಸ್ಥಾನಗಳನ್ನು ಬಳಸಿ ಗೆಲ್ಲಲು ಹೊರಡೋದು ಜಲ್ಪ. ಅದೇ ಜಲ್ಪವನ್ನು ತನ್ನದೊಂದು ಪಕ್ಷ ಸ್ಥಾಪಿಸದೆ, ಎದುರಿನವನದ್ದನ್ನು ಕೆಡವಲಿಕ್ಕೆ ಮಾತ್ರ ಬಳಸಿದರೆ ವಿತಂಡ. ಈ ಲೆಕ್ಕದಲ್ಲಿ ಎರಿಸ್ಟಿಕ್‌ಗೆ ಹತ್ತಿರದ ಪದ ಜಲ್ಪ. ಇನ್ನು ತನಗೆ ಏನೂ ಗೊತ್ತಿಲ್ಲ, ತಾನು ಕೇಳುವವನು ಮಾತ್ರ ಅನ್ನುವ ಸಾಕ್ರಟೀಸ್? ಸ್ವಂತ ಪಕ್ಷ ಇಲ್ಲ, ಖಂಡನೆ ಮಾತ್ರ ಉಂಟು. ಲಕ್ಷಣದ ಈ ಭಾಗವನ್ನಷ್ಟೇ ಇಟ್ಟು ನೋಡಿದರೆ ಅವನೇ ವೈತಂಡಿಕನ ಹಾಗೆ ಕಾಣ್ತಾನಲ್ಲ! ಇನ್ನೊಂದು ವಿಚಿತ್ರ: ಇವತ್ತಿನ ಕನ್ನಡದಲ್ಲಿ ವಾದ ಅಂದಾಗ ನಮಗೆ ನೆನಪಾಗೋದು ಕೋರ್ಟು, ವಕೀಲರು. ನ್ಯಾಯದವರು ಜಿಜ್ಞಾಸೆಗೆ ಇಟ್ಟ ಹೆಸರು ನಮ್ಮ ಬಾಯಲ್ಲಿ ಜಲ್ಪದ ಕಡೆ ಜಾರಿದೆ. ಹಳೆಯ ಕೆಲಸಕ್ಕೆ ಈಗ ಸಂವಾದ ಅನ್ನುವ ಪದ ಬೇಕಾಗುತ್ತದೆ.

ವಿದ್ವಾಂಸರು ಇದನ್ನು ಬಿಡಿಸಿದ ರೀತಿ ಬಗ್ಗೆ ಎರಡೇ ಮಾತು. ಜಿ.ಬಿ. ಕೆರ್ಫರ್ಡ್ 1981ರ ಪುಸ್ತಕದಲ್ಲಿ ಎರಿಸ್ಟಿಕ್ ಒಂದು ಉದ್ದೇಶದ ಹೆಸರು, ವಿರುದ್ಧ ಮಾತು ಎತ್ತಿ ನಿಲ್ಲಿಸುವ ಆಂಟಿಲಾಜಿಕ್ ಒಂದು ತಂತ್ರದ ಹೆಸರು ಅಂತ ಬೇರ್ಪಡಿಸಿದರು. ಅಲೆಕ್ಸಾಂಡರ್ ನೆಹಮಾಸ್ 1990ರ ಲೇಖನದಲ್ಲಿ, ಸಾಕ್ರಟೀಸನನ್ನೂ ಸೋಫಿಸ್ಟರನ್ನೂ ಬೇರೆ ಮಾಡೋದು ವಿಧಾನ ಅಲ್ಲ, ಉದ್ದೇಶ ಅನ್ನುವ ಕಡೆ ವಾಲಿದರು. ಒಪ್ಪಬಹುದು. ಆದರೆ ಉದ್ದೇಶ ಮನಸ್ಸಿನ ಒಳಗಿನದು. ಓದುಗನಾಗಿ ನನಗೆ ಪುಟದ ಮೇಲೆ ಕಾಣುವ ಗುರುತು ಬೇಕು. ನನಗೆ ಸಿಕ್ಕ ಗುರುತು ಇಷ್ಟು: ಖಂಡನೆ ಆದ ಮೇಲಿನ ಕ್ಷಣವನ್ನು ನೋಡಬೇಕು. ಸೋತವನಿಗೆ ಮಾತು ವಾಪಸು ಸಿಗುತ್ತದೋ ಇಲ್ಲವೋ?

‘ಯೂಥಿಡೆಮಸ್’ ಸಂವಾದದಿಂದ ಹೊರಡೋಣ. ಲೈಸಿಯಂ ಅನ್ನುವ ವ್ಯಾಯಾಮಶಾಲೆ. ಯೂಥಿಡೆಮಸ್, ಡಯೊನಿಸೊಡೋರಸ್ ಅನ್ನುವ ಅಣ್ಣತಮ್ಮಂದಿರು ಬಂದಿದ್ದಾರೆ. ಹಿಂದೆ ಆಯುಧ ಹಿಡಿದು ಹೋರಾಡೋದನ್ನು ಕಲಿಸುತ್ತಿದ್ದವರು ಈಗ ಸದ್ಗುಣ ಕಲಿಸ್ತೇವೆ ಅನ್ನುತ್ತಾರೆ. ಎದುರಿಗೆ ಕ್ಲೈನಿಯಾಸ್ ಅನ್ನುವ ಹುಡುಗ. ಮೊದಲ ಪ್ರಶ್ನೆ: ಕಲಿಯುವವರು ಜಾಣರೋ, ಅರಿಯದವರೋ? ಗ್ರೀಕಿನ ಮಾಂಥಾನೈನ್ ಅನ್ನುವ ಒಂದೇ ಕ್ರಿಯಾಪದಕ್ಕೆ ಹೊಸದಾಗಿ ಕಲಿಯೋದು ಅಂತಲೂ, ಹೇಳಿದ್ದನ್ನು ಗ್ರಹಿಸೋದು ಅಂತಲೂ ಅರ್ಥ ಇರುವುದರಿಂದ ಈ ಬಲೆ ಹೆಣೆಯಲಿಕ್ಕೆ ಆಗಿದೆ. ಇಂಗ್ಲಿಷ್ ಅನುವಾದಕರು ಇಲ್ಲಿ ಒದ್ದಾಡುತ್ತಾರೆ. ಕನ್ನಡದಲ್ಲಿ ಕಷ್ಟವೇ ಇಲ್ಲ, ನಮಗೆ ‘ತಿಳಿ’ ಉಂಟು! ತಿಳಿಯುವವರು ಯಾರು, ತಿಳಿದವರೋ ತಿಳಿಯದವರೋ? ತಿಳಿದವರು ಅಂದರೆ, ಮೊದಲೇ ತಿಳಿದಿದ್ದರೆ ಮತ್ತೆ ತಿಳಿಯೋದೇನು ಅಂತ ಕೇಳಬಹುದು. ತಿಳಿಯದವರು ಅಂದರೆ, ಮೇಷ್ಟ್ರು ಪಾಠ ಒಪ್ಪಿಸುವಾಗ ಅದು ಚೆನ್ನಾಗಿ ತಿಳಿಯೋದು ತಿಳಿವಳಿಕೆ ಇರುವ ಹುಡುಗರಿಗೇ ಅಲ್ಲವಾ ಅಂತ ಕೇಳಬಹುದು. ಯಾರಾದರೂ ಈ ಸಂವಾದವನ್ನು ಕನ್ನಡಕ್ಕೆ ತರುವಾಗ ಈ ಒಂದು ಧಾತುವನ್ನು ಕೈಬಿಡಬಾರದು.

ಕ್ಲೈನಿಯಾಸ್ ಉತ್ತರಿಸುವ ಹೊತ್ತಿಗೆ ಡಯೊನಿಸೊಡೋರಸ್ ನಗುತ್ತಾ ಸಾಕ್ರಟೀಸನ ಕಿವಿಯಲ್ಲಿ ಹೇಳುತ್ತಾನೆ: ಹುಡುಗ ಯಾವ ಉತ್ತರ ಕೊಟ್ಟರೂ ಸೋಲುತ್ತಾನೆ. ಇಡೀ ಸಂವಾದದಲ್ಲಿ ನನಗೆ ಮುಖ್ಯ ಅನ್ನಿಸಿದ ಜಾಗ ಇದು. ಉತ್ತರ ಏನು ಅನ್ನೋದಕ್ಕೆ ಬೆಲೆಯೇ ಇಲ್ಲದಿದ್ದರೆ ಅಲ್ಲಿ ಪ್ರಶ್ನೆಯೂ ಇಲ್ಲ, ಪ್ರಶ್ನೆಯ ವೇಷ ಮಾತ್ರ ಇದೆ. ಜಾಣರು ಅಂದ ಹುಡುಗನನ್ನು ಅಣ್ಣತಮ್ಮಂದಿರಲ್ಲಿ ಒಬ್ಬ ಕೆಡವುತ್ತಾನೆ. ಅರಿಯದವರು ಅಂತ ಒಪ್ಪಿಕೊಂಡದ್ದೇ ಇನ್ನೊಬ್ಬ ಕೆಡವುತ್ತಾನೆ. ಸುತ್ತ ನಿಂತ ಶಿಷ್ಯರು ಸನ್ನೆ ಸಿಕ್ಕ ಮೇಳದವರ ಹಾಗೆ ಒಟ್ಟಿಗೆ ನಗುತ್ತಾರೆ. ಸಾಕ್ರಟೀಸ್ ಇದನ್ನು ಕೂರಲು ಹೋದವನ ಹಿಂದಿನಿಂದ ಪೀಠ ಎಳೆದು, ಅವನು ಅಂಗಾತ ಬಿದ್ದಾಗ ನಗುವ ಆಟಕ್ಕೆ ಹೋಲಿಸುತ್ತಾನೆ. ನಾಯಿಗೆ ಮರಿಗಳಿವೆ, ಹಾಗಾಗಿ ಅದು ಅಪ್ಪ. ಅದು ನಿನ್ನದು, ಹಾಗಾಗಿ ಅದು ನಿನ್ನ ಅಪ್ಪ ಅನ್ನುವ ಪ್ರಸಿದ್ಧ ಕುಹಕವೂ ಇದೇ ಸಂವಾದದ್ದು. ಇದರಲ್ಲಿ ಕ್ಟೆಸಿಪ್ಪಸ್ ಅನ್ನುವ ಇನ್ನೊಬ್ಬ ಯುವಕನ ಗತಿಯನ್ನೂ ಗಮನಿಸಿ. ಅವನು ಮೊದಲು ಸಿಟ್ಟಾಗುತ್ತಾನೆ, ಆಮೇಲೆ ಅದೇ ಪಟ್ಟುಗಳನ್ನು ಕಲಿತು ಗುರುಗಳನ್ನೇ ಕಟ್ಟಿಹಾಕುತ್ತಾನೆ. ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ವಿದ್ಯೆ!

ಸಾಕ್ರಟೀಸನ ಸರದಿ ಬಂದಾಗ ಏನಾಗುತ್ತದೆ? ಯೂಥಿಡೆಮಸ್ ಕೇಳಿದ್ದಕ್ಕೆ ಅವನು ‘ತಿಳಿದಿರುವಾಗ’ ಅಂತ ಒಂದು ಷರತ್ತು ಸೇರಿಸುತ್ತಾನೆ. ಅದನ್ನು ಬಿಡು, ಕೇಳಿದ್ದಕ್ಕಷ್ಟೇ ಹೇಳು ಅಂತ ಗದರಿಕೆ ಬರುತ್ತದೆ. ಯಾವ ಅರ್ಥದಲ್ಲಿ ಕೇಳ್ತಿದ್ದೀಯ ಅಂತ ವಿಚಾರಿಸಿದರೆ, ಉತ್ತರ ಹೇಳಬೇಕಾದವನು ತಿರುಗಿ ಪ್ರಶ್ನೆ ಕೇಳ್ತೀಯಲ್ಲ, ನಾಚಿಕೆ ಇಲ್ಲವೇ ಅನ್ನುವ ಧಾಟಿ. ಷರತ್ತು, ವಿವರಣೆ, ಮರುಪ್ರಶ್ನೆ ಮೂರನ್ನೂ ಇಲ್ಲಿ ನಿಷೇಧಿಸಲಾಗಿದೆ. ಈ ಪಟ್ಟಿನ ಫಲವಾಗಿ, ಸಾಕ್ರಟೀಸ್‌ಗೆ ಎಲ್ಲವೂ ಯಾವಾಗಲೂ, ಹುಟ್ಟುವ ಮೊದಲೂ ಗೊತ್ತಿತ್ತು ಅಂತ ಸಾಬೀತಾಗುತ್ತದೆ.

ಈಗ ಇದೇ ಸಂವಾದದ ಇನ್ನೊಂದು ಎಳೆ. ನಡುನಡುವೆ ಸಾಕ್ರಟೀಸ್ ಅದೇ ಕ್ಲೈನಿಯಾಸ್ ಜೊತೆ ಬೇರೆ ರೀತಿ ಮಾತಾಡುತ್ತಾನೆ: ಹಣ, ಆರೋಗ್ಯ, ಅಧಿಕಾರ ಇದ್ದರೂ ಬಳಸುವ ವಿವೇಕ ಇಲ್ಲದಿದ್ದರೆ ಏನು ಬಂತು ಅಂತ. ಸ್ವಲ್ಪ ಹೊತ್ತಿಗೆ ಹುಡುಗ ತಾನಾಗಿಯೇ ಒಂದು ವಾದ ಕಟ್ಟುತ್ತಾನೆ. ಬೇಟೆಗಾರ ಹಿಡಿದದ್ದನ್ನು ಅಡುಗೆಯವನಿಗೆ ಒಪ್ಪಿಸುವ ಹಾಗೆ ಗಣಿತದವರು ತಾವು ಕಂಡದ್ದನ್ನು ಡಯಲೆಕ್ಟಿಕ್ ಬಲ್ಲವರಿಗೆ ಒಪ್ಪಿಸಬೇಕು, ಸೇನಾಪತಿ ಗೆದ್ದ ಊರನ್ನು ರಾಜಕಾರಣಿಗೆ ಒಪ್ಪಿಸಬೇಕು. ಇದನ್ನು ಕೇಳುತ್ತಿರುವ ಕ್ರಿಟೊಗೆ ನಂಬಿಕೆಯೇ ಬರೋದಿಲ್ಲ. ಆ ಹುಡುಗ ಹೀಗೆ ಹೇಳಿದನಾ ಅಂತ ಸಾಕ್ರಟೀಸನನ್ನು ತಡೆದು ಕೇಳುತ್ತಾನೆ. ಕಥನದ ದೃಷ್ಟಿಯಿಂದ ಈ ಅಡ್ಡಮಾತು ಬಹಳ ಚಂದದ ಉಪಾಯ. ಮೊದಲು ಯಾವ ಉತ್ತರ ಕೊಟ್ಟರೂ ಬೀಳುತ್ತಿದ್ದವನು ಈಗ ಕೇಳುಗರು ಅನುಮಾನಪಡುವಷ್ಟು ಚೆನ್ನಾಗಿ ಮಾತಾಡುತ್ತಿದ್ದಾನೆ. ಎರಡು ಬಗೆಯ ಪ್ರಶ್ನೆಗಳಿಗಿರುವ ವ್ಯತ್ಯಾಸವನ್ನು ಪ್ಲೇಟೊ ಲಕ್ಷಣವಾಕ್ಯದಲ್ಲಿ ಹೇಳಿಲ್ಲ, ಒಬ್ಬ ಹುಡುಗನ ಬಾಯಲ್ಲಿ ತೋರಿಸಿದ್ದಾನೆ.

‘ಮೆನೊ’ದಲ್ಲಿ ಇದು ಇನ್ನೂ ಸ್ಪಷ್ಟ. ಗೊತ್ತಿರೋದನ್ನು ಹುಡುಕಬೇಕಾಗಿಲ್ಲ, ಗೊತ್ತಿಲ್ಲದ್ದನ್ನು ಹುಡುಕಲಾಗದು, ಆದ್ದರಿಂದ ಹುಡುಕಾಟವೇ ಅಸಾಧ್ಯ ಅನ್ನುವ ವಾದವನ್ನು ಸಾಕ್ರಟೀಸ್ ಎರಿಸ್ಟಿಕ್ ಅಂತಲೇ ಕರೆಯುತ್ತಾನೆ. ಉತ್ತರವಾಗಿ ಮೆನೊನ ಮನೆಯ ಗುಲಾಮ ಹುಡುಗನನ್ನು ಕರೆದು ನೆಲದ ಮೇಲೆ ಎರಡಡಿ ಚೌಕ ಬರೆಯುತ್ತಾನೆ. ಇದರ ಇಮ್ಮಡಿ ಚೌಕಕ್ಕೆ ಬದಿ ಎಷ್ಟು? ನಾಲ್ಕಡಿ ಅನ್ನುತ್ತಾನೆ ಹುಡುಗ. ಚೌಕ 4ರಿಂದ 8ರ ಬದಲು 16 ಆಗುತ್ತದೆ. ಮೂರಡಿ ಅನ್ನುತ್ತಾನೆ, 9 ಆಗುತ್ತದೆ. ಆಮೇಲೆ ದೇವರಾಣೆ ಗೊತ್ತಿಲ್ಲ ಅನ್ನುತ್ತಾನೆ. ಖಂಡನೆ ಎರಡು ಸಲ ಆಯಿತು. ಯೂಥಿಡೆಮಸ್ ಆಗಿದ್ದರೆ ಇಲ್ಲಿ ಚಪ್ಪಾಳೆ. ಸಾಕ್ರಟೀಸ್ ಎದ್ದು ಹೋಗೋದಿಲ್ಲ. ಕರ್ಣರೇಖೆ ಎಳೆದು, ಅದರ ಮೇಲಿನ ಚೌಕದಲ್ಲಿ ಎಷ್ಟು ಅರ್ಧಗಳಿವೆ ಅಂತ ಹುಡುಗನಿಂದಲೇ ಎಣಿಸುತ್ತಾನೆ. ಸೋತ ಮೇಲೂ ಹುಡುಗನಿಗೆ ಕೆಲಸ ಉಂಟು. ಹಾಗಂತ ಈ ದೃಶ್ಯವನ್ನು ತೀರಾ ಮೆಚ್ಚಿಕೊಳ್ಳೋದೂ ಕಷ್ಟ. ಮೆನೊಗೆ ತೋರಿಸೋದು ಮುಗಿದ ಕೂಡಲೇ ಆ ಹುಡುಗನಿಗೆ ಸಂವಾದದಲ್ಲಿ ಜಾಗ ಇಲ್ಲ, ಅವನ ಹೆಸರೂ ನಮಗೆ ಸಿಗೋದಿಲ್ಲ.

ಇನ್ನು ಸೋತವನು ಎದುರಿಗೇ ಇಲ್ಲದಿದ್ದರೆ? ‘ಥಿಯೇಟೀಟಸ್’ನಲ್ಲಿ ಮನುಷ್ಯನೇ ಎಲ್ಲದರ ಅಳತೆ ಅನ್ನುವ ಪ್ರೊಟಾಗೊರಸ್‌ನ ಸಿದ್ಧಾಂತವನ್ನು ಸಾಕ್ರಟೀಸ್ ಬೇಗ ಬೇಗ ಕೆಡವುತ್ತಾನೆ. ಪ್ರೊಟಾಗೊರಸ್ ಆಗಲೇ ಸತ್ತಿದ್ದಾನೆ. ಕೆಡವಿದ ಮೇಲೆ ಸಾಕ್ರಟೀಸ್‌ಗೇ ಕಸಿವಿಸಿ: ಗೆಲ್ಲುವ ಮೊದಲೇ ಕೂಗಿದ ಕೆಟ್ಟ ಹುಂಜದ ಹಾಗೆ ನಾವು ವಾದದಿಂದ ಹಾರಿ ಕೂಗುತ್ತಿದ್ದೇವೆ ಅಂತ ತನ್ನನ್ನೂ ಸೇರಿಸಿಕೊಂಡು ಹೇಳುತ್ತಾನೆ. ಆಮೇಲೆ ಪ್ರೊಟಾಗೊರಸ್‌ನ ಪರವಾಗಿ ತಾನೇ ಮಾತಾಡುತ್ತಾನೆ. ಆ ಮಾತಿನಲ್ಲಿ ಪ್ರೊಟಾಗೊರಸ್ ಸಾಕ್ರಟೀಸನನ್ನೇ ಗದರುತ್ತಾನೆ: ಒಬ್ಬ ಹುಡುಗನನ್ನು ಹೆದರಿಸಿ ನನ್ನನ್ನು ಗೆದ್ದೆ ಅಂತ ತಿಳಿಯಬೇಡ; ಸ್ಪರ್ಧೆಗೂ ಸಂವಾದಕ್ಕೂ ಭೇದ ಮಾಡದಿರೋದು ಅನ್ಯಾಯ. ಎದುರಾಳಿ ಇಲ್ಲದಾಗ ಅವನ ಪಕ್ಷವನ್ನು ತಾನೇ ಬಲಪಡಿಸಿ, ತನ್ನ ಮೇಲೆಯೇ ಆರೋಪ ಹೊರಿಸಿಕೊಳ್ಳೋದು ಸಣ್ಣ ಸಂಗತಿ ಅಲ್ಲ. ‘ಫೀಡೊ’ದಲ್ಲಿ, ಸಾಯುವ ದಿನ, ಸಾಕ್ರಟೀಸ್ ಇದೇ ಅನುಮಾನವನ್ನು ಇನ್ನೂ ಒಳಕ್ಕೆ ಒಯ್ಯುತ್ತಾನೆ. ಆತ್ಮ ಸಾಯದು ಅನ್ನೋದನ್ನು ತಾನು ಈಗ ಗೆಲ್ಲುವ ಆಸೆಯಿಂದ ವಾದಿಸುತ್ತಿರಬಹುದು, ಹಾಗಾಗಿ ಸಾಕ್ರಟೀಸನ ಮುಖ ನೋಡಿ ಒಪ್ಪಬೇಡಿ, ಸತ್ಯ ನೋಡಿ ಎದುರು ಹೇಳಿ ಅಂತ ಸಿಮ್ಮಿಯಾಸ್, ಸೀಬೀಸ್ ಇಬ್ಬರಿಗೂ ಹೇಳುತ್ತಾನೆ.

ಹೀಗೆ ಹೇಳಿದ ತಕ್ಷಣ ಸಾಕ್ರಟೀಸ್ ಸಂತನಾಗಿಬಿಡುತ್ತಾನೆ ಅನ್ನುವ ಭಯ ಉಂಟು. ‘ರಿಪಬ್ಲಿಕ್’ನ ಮೊದಲ ಭಾಗ ಆ ಭಯ ಕಳೆಯುತ್ತದೆ. ನ್ಯಾಯ ಅಂದರೆ ಬಲಶಾಲಿಯ ಹಿತ ಅಂದ ಥ್ರೇಸಿಮೇಕಸ್ ಬೇಸಿಗೆಯ ಸೆಕೆಯಲ್ಲಿ ಬೆವರಿ, ಕೆಂಪಾಗಿ, ಕೊನೆಗೆ ಕತೆ ಹೇಳುವ ಅಜ್ಜಿಯರಿಗೆ ಹೂಂಗುಟ್ಟುವ ಹಾಗೆ ತಲೆಯಾಡಿಸ್ತೇನೆ ಅನ್ನುತ್ತಾನೆ. ನಿನ್ನ ನಂಬಿಕೆಗೆ ವಿರುದ್ಧವಾಗಿ ಉತ್ತರಿಸಬೇಡ ಅಂತ ಸಾಕ್ರಟೀಸ್ ಬೇಡಿಕೊಳ್ಳುತ್ತಾನೆ, ಆದರೂ ಆ ತಲೆಯಾಡಿಕೆಯ ಮೇಲೆಯೇ ವಾದವನ್ನು ಮುಗಿಸುತ್ತಾನೆ. ನನ್ನ ಗುರುತಿನ ಪ್ರಕಾರ ಇಲ್ಲಿ ಸಾಕ್ರಟೀಸ್ ಗೆದ್ದಿದ್ದಾನೆ, ಹುಡುಕಿಲ್ಲ. ಹೊಟ್ಟೆಬಾಕ ಊಟದ ಒಂದೊಂದು ಬಗೆಯನ್ನೂ ಕಸಿದು ರುಚಿ ನೋಡಿದ ಹಾಗೆ ಆಯಿತು, ನ್ಯಾಯ ಏನೆಂದು ತಿಳಿಯಲೇ ಇಲ್ಲ ಅಂತ ಅವನೇ ಅನ್ನುತ್ತಾನೆ. ಎರಡನೇ ಭಾಗ ಶುರುವಾಗೋದು ಗ್ಲಾಕನ್‌ನ ಅಸಮಾಧಾನದಿಂದ: ಒಪ್ಪಿಸಿದ ಹಾಗೆ ಕಾಣಬೇಕೋ, ನಿಜಕ್ಕೂ ಒಪ್ಪಿಸಬೇಕೋ? ಥ್ರೇಸಿಮೇಕಸ್ ಹಾವಿನ ಹಾಗೆ ಬೇಗ ಮೋಡಿಗೆ ಬಿದ್ದ ಅಂತಲೂ ಗ್ಲಾಕನ್‌ಗೆ ಅನ್ನಿಸಿದೆ. ಹಾಗಾಗಿ ಸೋತ ಆ ಪಕ್ಷವನ್ನು, ತಾನು ನಂಬದಿದ್ದರೂ, ಇನ್ನೂ ಗಟ್ಟಿಯಾಗಿ ಕಟ್ಟಿ ಮುಂದಿಡುತ್ತಾನೆ. ಉಳಿದ ಒಂಬತ್ತು ಭಾಗಗಳೂ ಇದಕ್ಕೆ ಕೊಟ್ಟ ಉತ್ತರ. ‘ರಿಪಬ್ಲಿಕ್’ ಅನ್ನುವ ದೊಡ್ಡ ಗ್ರಂಥ ಹುಟ್ಟಿದ್ದು ಗೆಲುವನ್ನು ಸಾಲದು ಅಂದ ಒಬ್ಬ ಕೇಳುಗನಿಂದ. ವಿಮರ್ಶಕರು ಸಾಕ್ರಟೀಸನ ಮೇಲೆ ಇಡುವ ಕಣ್ಣನ್ನು ಸ್ವಲ್ಪ ಈ ಗ್ಲಾಕನ್ ಮೇಲೂ ಇಡಬೇಕಿತ್ತು ಅಂತ ನನಗೆ ಅನ್ನಿಸುತ್ತದೆ.

ಅರಿಸ್ಟಾಟಲ್ ಇದನ್ನೆಲ್ಲ ನಿಯಮ ಮಾಡಿದ. ‘ಟಾಪಿಕ್ಸ್’ನ ಎಂಟನೇ ಭಾಗದಲ್ಲಿ ಉತ್ತರಿಸುವವನಿಗೆ ಹಕ್ಕುಗಳಿವೆ. ಅರ್ಥವಾಗಲಿಲ್ಲ ಅನ್ನಬಹುದು, ಎರಡರ್ಥದ ಮಾತನ್ನು ಬಿಡಿಸಿ ಉತ್ತರಿಸಬಹುದು. ಯೂಥಿಡೆಮಸ್ ನಿಷೇಧಿಸಿದ್ದೇ ಇಲ್ಲಿ ಕಾನೂನು! ವಾದ ಇಬ್ಬರಿಗೂ ಸೇರಿದ ಕೆಲಸ, ಅದಕ್ಕೆ ಅಡ್ಡಿ ಮಾಡುವವನು ಕೆಟ್ಟ ಜೊತೆಗಾರ ಅಂತಲೂ ಅಲ್ಲಿದೆ. ಕುತರ್ಕಗಳ ಮೇಲಿನ ಗ್ರಂಥದಲ್ಲಿ ಎರಿಸ್ಟಿಕ್ ಅನ್ನು ಪಂದ್ಯದಲ್ಲಿನ ಮೋಸದ ಹೊಡೆದಾಟಕ್ಕೆ ಹೋಲಿಸುತ್ತಾನೆ.

ಹೊಡೆದಾಟ, ಪಂದ್ಯ ಅಂದಾಗ ನಮ್ಮ ಕಾಸರಗೋಡಿನ ಕಡೆಯವರಿಗೆ ತಾಳಮದ್ದಳೆ ನೆನಪಾಗದೆ ಇರೋದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ನಾಡು ನಮ್ಮದು. ಅಲ್ಲೂ ಗೆಲ್ಲೋದಕ್ಕೇ ಮಾತು, ಸಭಿಕರು ಅದಕ್ಕೇ ಬಂದು ಕೂರೋದು. ಹಾಗಾದರೆ ತಾಳಮದ್ದಳೆ ಎರಿಸ್ಟಿಕ್ಕಾ? ನನಗೆ ಹಾಗನ್ನಿಸೋದಿಲ್ಲ. ವಾಲಿಯ ಅರ್ಥ ಹೇಳುವವರು ತಾನು ವಾಲಿ ಅಲ್ಲ ಅನ್ನೋದನ್ನು ಮುಚ್ಚಿಡೋದಿಲ್ಲ, ಸದ್ಗುಣ ಕಲಿಸ್ತೇನೆ ಅಂತ ಹಣ ಕೇಳೋದೂ ಇಲ್ಲ. ಮುಖ್ಯವಾಗಿ, ಪ್ರಸಂಗದ ಪ್ರಕಾರ ವಾಲಿ ಸಾಯಲೇಬೇಕು. ಆದರೆ ಬಾಣ ತಾಗಿದ ಮೇಲೆಯೇ ಅವನ ಮಾತು ಜೋರಾಗೋದು. ರಾಮ ಉತ್ತರ ಕೊಡಲೇಬೇಕು. ಸೋಲುವವನಿಗೆ ಅಷ್ಟು ಹೊತ್ತು ಮಾತು ಬಿಟ್ಟುಕೊಡುವ ಕಲೆ ಅದು.

ನನಗೆ ಕಷ್ಟ ಅನ್ನಿಸೋದು ಕೂಟದ ಹೊರಗಿನ ಮಾತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಮಹಾಜನ್ ಆಯೋಗ 1967ರಲ್ಲಿ ಹೇಳಿತು, ಜಾರಿ ಆಗಲಿಲ್ಲ. ಅಂದಿನಿಂದ ನಮ್ಮ ಭಾಷೆಯ ಬಗ್ಗೆ ನಾವು ಮಾತಾಡೋದು ಹೆಚ್ಚಾಗಿ ಮನವಿಪತ್ರದ ಧಾಟಿಯಲ್ಲಿ, ಎದುರಿಗೊಬ್ಬ ನ್ಯಾಯಾಧೀಶ ಕೂತ ಹಾಗೆ. ಅದು ಬೇಕಾದ ಮಾತೇ. ಮೊಳಕೆಯನ್ನು ಕಾಯಲು ಮುಳ್ಳಿನ ಬೇಲಿ ಹಾಕುವ ಹಾಗೆ ತತ್ವವನ್ನು ಕಾಯಲು ಜಲ್ಪ, ವಿತಂಡಗಳನ್ನು ಬಳಸಬಹುದು ಅಂತ ನ್ಯಾಯಸೂತ್ರವೇ ಒಪ್ಪುತ್ತದೆ. ತೊಂದರೆ ಏನಂದರೆ, ನಾವು ನಾವೇ ಕೂತ ಗೋಷ್ಠಿಯಲ್ಲೂ ಬೇಲಿಯ ಭಾಷೆಯೇ ನಡೆಯುತ್ತದೆ. ನಮ್ಮ ಮನೆಗಳಲ್ಲಿ ತುಳು, ಹವ್ಯಕ, ಮಲಯಾಳ, ಕೊಂಕಣಿ, ಮರಾಠಿ ಎಲ್ಲ ಉಂಟು. ಕನ್ನಡ ಇಲ್ಲಿ ಯಾರಿಗೆ ಯಾವ ಅರ್ಥದಲ್ಲಿ ತಾಯ್ನುಡಿ ಅಂತ ಒಬ್ಬ ವಿದ್ಯಾರ್ಥಿ ಕೇಳಿದರೆ, ಪ್ರಶ್ನೆ ಮುಗಿಯುವ ಮೊದಲೇ ನೀನು ಯಾರ ಕಡೆ ಅನ್ನುವ ಮರುಪ್ರಶ್ನೆ ಬರುತ್ತದೆ. ಬೇಲಿಯ ಒಳಗೆ ಮೊಳಕೆ ಉಂಟಾ ಅಂತ ನೋಡೋದಕ್ಕೂ ಮುಳ್ಳು ಬಿಡದಿದ್ದರೆ ಏನು ಮಾಡೋದು? ಸೊಲ್ಲಾಪುರ, ತಾಳವಾಡಿ ಕಡೆಯ ಗೆಳೆಯರ ಅನುಭವ ಬೇರೆ ಇರಬಹುದು, ಅವರು ಹೇಳಬೇಕು.

ಮಂಡನೆ ಮುಗಿದ ಮೇಲೆ ಒಬ್ಬರು ಸಹಪಾಠಿ ಕೇಳಿದರು: ‘ಗಾರ್ಜಿಯಸ್’ನ ಕ್ಯಾಲಿಕ್ಲೀಸ್ ವಿಷಯದಲ್ಲಿ ನಿಮ್ಮ ಗುರುತು ನಿಲ್ಲುತ್ತದಾ? ಅಲ್ಲಿ ಸಾಕ್ರಟೀಸ್ ಒಬ್ಬನೇ ಮಾತಾಡ್ತಾನಲ್ಲ. ಒಳ್ಳೆಯ ಪ್ರಶ್ನೆ. ಅದೇ ಸಂವಾದದ ಮೊದಲಲ್ಲಿ, ಖಂಡಿಸೋದಕ್ಕಿಂತ ಖಂಡನೆಗೆ ಒಳಗಾಗೋದೇ ತನಗೆ ಹೆಚ್ಚು ಲಾಭ ಅಂದವನು ಸಾಕ್ರಟೀಸ್. ತನ್ನ ಹಿಂದಿನ ಒಪ್ಪಿಗೆಗಳಲ್ಲಿ ಬೇಕಾದ್ದನ್ನು ಹಿಂದೆಗೆದುಕೋ ಅಂತ ಪೋಲಸ್‌ಗೆ ಅವಕಾಶ ಕೊಟ್ಟವನೂ ಅವನೇ. ಆದರೆ ಕ್ಯಾಲಿಕ್ಲೀಸ್ ಬೇಸತ್ತು, ಬೇರೆ ಯಾರನ್ನಾದರೂ ಹುಡುಕಿಕೋ ಅಂದಾಗ ಸಾಕ್ರಟೀಸ್ ಎರಡೂ ಪಾತ್ರಗಳನ್ನು ತಾನೇ ವಹಿಸಿ, ಪ್ರಶ್ನೆಯನ್ನೂ ಉತ್ತರವನ್ನೂ ತಾನೇ ಹೇಳಿ ತೀರ್ಮಾನಕ್ಕೆ ಬರುತ್ತಾನೆ. ಎಲ್ಲಿ ತಪ್ಪು ಕಂಡರೂ ತಡೆಯಿರಿ ಅಂತ ಹೇಳಿರುತ್ತಾನೆ, ಅದು ನಿಜ. ಆದರೆ ಮಾತು ವಾಪಸು ಕೊಡೋದಕ್ಕೆ ತೆಗೆದುಕೊಳ್ಳುವವನೂ ಬೇಕಲ್ಲ. ಮಾತು ಬೇಡ ಅನ್ನುವ ಸ್ವಾತಂತ್ರ್ಯವೂ ಸೋತವನದ್ದೇ. ಅಲ್ಲಿಂದ ಮುಂದೆ ಸಂವಾದದಲ್ಲಿ ವಾಕ್ಯಗಳು ಉದ್ದವಾಗುತ್ತವೆ, ಕೊನೆಗೆ ಸತ್ತವರ ಲೋಕದ ತೀರ್ಪಿನ ಕತೆ ಬರುತ್ತದೆ. ಅದಕ್ಕೆ ಕ್ಯಾಲಿಕ್ಲೀಸ್ ಏನಂದ ಅನ್ನೋದನ್ನು ಪ್ಲೇಟೊ ಬರೆದಿಲ್ಲ. ಸಂವಾದ ಸಾಕ್ರಟೀಸನ ಮಾತಿನಲ್ಲೇ ಮುಗಿಯುತ್ತದೆ.